ನಾಳೆ ಬೆಳಿಗ್ಗೆ ಎದ್ದು ಮೊದಲು ಏನು ಮಾಡಲಿ?

ಪರೀಕ್ಷೆಗೆ ಮೂರು ತಿಂಗಳಿರುವಾಗ ವಿದ್ಯಾರ್ಥಿಗಳನ್ನೆಲ್ಲ ಒಂದೆಡೆ ಕೂಡಿಸಿ ಹುರಿದುಂಬಿಸುವ ಭಾಷಣ ಮಾಡುವ ಕೆಲಸ ಹಲವು ವರ್ಷ ನನ್ನ ಪಾಲಿಗೆ ಬರುತ್ತಿತ್ತು. ನಾನು ಕಲಿಸುವುದು ಗಣಿತ. ಆದರೂ ಮಾತಿನಲ್ಲಿ ಸ್ವಲ್ಪ ಬಿಸಿ ಇದೆಯೆಂಬ ಕಾರಣಕ್ಕೆ ಆ ಕೆಲಸ ನನಗೇ ಅಂಟಿಕೊಂಡಿತ್ತು. ಪರಿಶ್ರಮ, ಛಲ, ಗುರಿ, ಶಿಸ್ತು ಎಂಬ ಪದಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೆ ಚಪ್ಪಾಳೆ ಎಲ್ಲಿ ಬೀಳುತ್ತದೆ ಎಂಬುದೂ ನನಗೆ ಕರಗತವಾಗಿತ್ತು. ಅಂಥದೊಂದು ಭಾಷಣ ಮುಗಿಸಿ ಹೊರಬರುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಹತ್ತಿರ ಬಂದು, ಕೊಂಕಿನ ಲವಲೇಶವೂ ಇಲ್ಲದೆ, "ಮೇಡಂ, ಹಾಗಾದರೆ ನಾಳೆ ಬೆಳಿಗ್ಗೆ ಎದ್ದು ಮೊದಲು ಏನು ಮಾಡಲಿ?" ಎಂದು ಕೇಳಿದಳು. "ಚೆನ್ನಾಗಿ ಓದು" ಎಂದೆ. ಅವಳು ತಲೆಯಾಡಿಸಿ ಹೊರಟುಹೋದಳು. ಮುಕ್ಕಾಲು ಗಂಟೆ ಮಾತನಾಡಿದವಳ ಬಳಿ ಒಂದು ನೇರ ಪ್ರಶ್ನೆಗೆ ಉತ್ತರವಿರಲಿಲ್ಲ ಎಂಬುದು ಅವಳು ಬೆನ್ನು ತಿರುಗಿಸಿದ ಮೇಲೆ ನನಗೆ ಹೊಳೆಯಿತು.

ಆ ಪ್ರಶ್ನೆ ನನ್ನನ್ನು ಬಹಳ ಕಾಲ ಬಿಡಲಿಲ್ಲ. ಭಾಷಣದಿಂದ ಏನೂ ಆಗುವುದಿಲ್ಲವೆಂದು ನಾನು ಹೇಳಲಾರೆ. ಏನೋ ಆಗುತ್ತದೆ, ಆದರೆ ಅದು ಬಹಳ ಹೊತ್ತು ನಿಲ್ಲುವುದಿಲ್ಲ. ಕೇಳಿದ ಸಂಜೆ ವಿದ್ಯಾರ್ಥಿಯ ಮೈಯಲ್ಲಿ ಹೊಸ ಹುರುಪು ಇರುತ್ತದೆ. ಅವನು ದೊಡ್ಡ ಹಾಳೆಯೊಂದನ್ನು ತೆಗೆದು, ಮೂರು ಬಣ್ಣದ ಪೆನ್ನುಗಳಲ್ಲಿ ವೇಳಾಪಟ್ಟಿ ಬರೆದು, ನಸುಕಿನ ನಾಲ್ಕೂವರೆಯಿಂದ ರಾತ್ರಿ ಹನ್ನೊಂದರವರೆಗೆ ಒಂದು ಚೌಕವನ್ನೂ ಖಾಲಿ ಬಿಡದೆ ತುಂಬಿ, ಗೋಡೆಗೆ ಅಂಟಿಸುತ್ತಾನೆ. ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತಿ ಎತ್ತಿ ಒಗೆದ ಎಂಬ ಗಾದೆ ಹುಟ್ಟಿದ್ದು ಇಂಥ ಹಾಳೆಗಳನ್ನು ನೋಡಿಯೇ ಇರಬೇಕು. ಮೂರನೆಯ ದಿನ ಒಂದು ಚೌಕ ತಪ್ಪುತ್ತದೆ, ನಾಲ್ಕನೆಯ ದಿನ ಅದನ್ನು ತುಂಬಿಕೊಳ್ಳಲು ಹೋಗಿ ಇನ್ನೆರಡು ತಪ್ಪುತ್ತವೆ, ವಾರ ಕಳೆಯುವಷ್ಟರಲ್ಲಿ ಆ ಹಾಳೆ ಗೋಡೆಯ ಮೇಲಿದ್ದರೂ ಕಣ್ಣಿಗೆ ಬೀಳದಂತಾಗುತ್ತದೆ. ಆಮೇಲೆ ಉಳಿಯುವುದು ತನ್ನ ಬಗ್ಗೆ ತಾನೇ ಕೊಟ್ಟುಕೊಂಡ ಒಂದು ತೀರ್ಪು: ನನ್ನಲ್ಲಿ ಛಲವಿಲ್ಲ.

ತೀರ್ಪು ತಪ್ಪು. ತಪ್ಪಿದ್ದದ್ದು ಅಂದಾಜಿನಲ್ಲಿ. ಈ ಬಗ್ಗೆ ನನಗೆ ಬಹಳ ಇಷ್ಟವಾದ ಒಂದು ಅಧ್ಯಯನವಿದೆ. ರೋಜರ್ ಬ್ಯೂಲರ್, ಡೇಲ್ ಗ್ರಿಫಿನ್ ಮತ್ತು ಮೈಕೆಲ್ ರಾಸ್ ಎಂಬ ಮನಶ್ಶಾಸ್ತ್ರಜ್ಞರು 1994ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ, ಪದವಿಯ ಕೊನೆಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು, ನಿಮ್ಮ ಕೆಲಸ ಎಷ್ಟು ದಿನದಲ್ಲಿ ಮುಗಿಯುತ್ತದೆಂದು ಕೇಳಲಾಗಿತ್ತು. ಅವರು ಹೇಳಿದ ಸರಾಸರಿ ಸುಮಾರು 34 ದಿನ. ನಿಜವಾಗಿ ಹಿಡಿದದ್ದು ಸರಾಸರಿ 55 ದಿನಗಳಿಗೂ ಹೆಚ್ಚು. ತಾವು ಹೇಳಿದ ದಿನದೊಳಗೆ ಮುಗಿಸಿದವರು ಹತ್ತರಲ್ಲಿ ಮೂವರು ಮಾತ್ರ. ಇವರು ಸೋಮಾರಿಗಳಾಗಿರಲಿಲ್ಲ, ಓದಿನಲ್ಲಿ ಹಿಂದುಳಿದವರೂ ಆಗಿರಲಿಲ್ಲ. ಮುಂದಿನ ದಿನಗಳನ್ನು ಊಹಿಸಿಕೊಳ್ಳುವಾಗ ಮನುಷ್ಯ ತಾನು ಅಂದುಕೊಂಡ ದಾರಿಯನ್ನಷ್ಟೇ ನೋಡುತ್ತಾನೆ, ಹಿಂದೆ ತನಗೆ ಎಷ್ಟು ಹೊತ್ತು ಹಿಡಿದಿತ್ತು ಎಂಬ ಲೆಕ್ಕವನ್ನು ನೆನೆಯುವುದಿಲ್ಲ. ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಪಾಲಿಸಬೇಕಾದವನು ಆಯಾಸವಾಗದ, ತಲೆನೋವು ಬಾರದ, ಗೆಳೆಯರಿಲ್ಲದ ಒಬ್ಬ ಕಾಲ್ಪನಿಕ ವ್ಯಕ್ತಿ. ಅವನು ಮಾಡಬೇಕಾದದ್ದನ್ನು ನಾನು ಮಾಡಲಿಲ್ಲವೆಂದು ನಿಜವಾದ ವಿದ್ಯಾರ್ಥಿ ಕೊರಗುತ್ತಾನೆ.

ಹಾಗಾದರೆ ನಾಳೆ ಬೆಳಿಗ್ಗೆ ಮೊದಲು ಏನು ಮಾಡಬೇಕು? ಈಗ ನಾನು ಕೊಡುವ ಉತ್ತರ ಕೇಳಿದವರಿಗೆ ನಿರಾಸೆಯಾಗುವಷ್ಟು ಸಣ್ಣದು. ಹೇಗಿದ್ದರೂ ದಿನವೂ ನಡೆದೇ ನಡೆಯುವ ಯಾವುದಾದರೂ ಒಂದು ಕೆಲಸವನ್ನು ಹುಡುಕಿಕೊಳ್ಳಿ. ಹಲ್ಲುಜ್ಜುವುದು, ಸ್ನಾನ, ಶಾಲೆಯಿಂದ ಬಂದು ಚೀಲ ಕೆಳಗಿಡುವುದು, ಯಾವುದೂ ಆಗಬಹುದು. ಅದು ಮುಗಿದ ಕೂಡಲೇ, ಅದೇ ಜಾಗದಲ್ಲಿ ಕುಳಿತು, ಹದಿನೈದೇ ನಿಮಿಷ ಒಂದೇ ವಿಷಯ. ಹದಿನಾರನೆಯ ನಿಮಿಷಕ್ಕೆ ಏಳಬೇಕೆನಿಸಿದರೆ ಎದ್ದುಬಿಡಿ. ಅಷ್ಟೇನಾ ಎಂದು ಕೇಳಿದವರಿಗೆ, ಅಷ್ಟನ್ನು ನಲವತ್ತು ದಿನ ಮಾಡಿ ತೋರಿಸಿ, ಉಳಿದದ್ದನ್ನು ಆಮೇಲೆ ಮಾತನಾಡೋಣ ಎನ್ನುತ್ತೇನೆ. ಹೆಚ್ಚಿನವರು ನಗುತ್ತಾರೆ. ನಕ್ಕವರಲ್ಲಿ ಹಲವರು ಎರಡನೆಯ ವಾರದಲ್ಲಿ ತಪ್ಪುತ್ತಾರೆ, ಆಗ ನಗು ನಿಲ್ಲುತ್ತದೆ, ಕೆಲಸ ಶುರುವಾಗುತ್ತದೆ.

ನಮ್ಮ ಭಾಷೆಯಲ್ಲಿ ಓದಿಗೂ ಅಭ್ಯಾಸವೆನ್ನುತ್ತೇವೆ, ರೂಢಿಗೂ ಅಭ್ಯಾಸವೆನ್ನುತ್ತೇವೆ. "ಮಗು ಅಭ್ಯಾಸ ಮಾಡುತ್ತಿದೆ" ಎಂದರೆ ಪುಸ್ತಕ ಹಿಡಿದಿದೆ ಎಂದರ್ಥ. "ಅದು ಅಭ್ಯಾಸವಾಗಿಬಿಟ್ಟಿದೆ" ಎಂದರೆ ಇನ್ನು ಅದರ ಬಗ್ಗೆ ಯೋಚಿಸಬೇಕಿಲ್ಲ ಎಂದರ್ಥ. ಮೊದಲನೆಯದನ್ನು ಎರಡನೆಯದಾಗಿ ಮಾಡುವುದೇ ಈ ಹದಿನೈದು ನಿಮಿಷದ ಉದ್ದೇಶ. ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟವಾದ ತನ್ನ ಮನಶ್ಶಾಸ್ತ್ರದ ಗ್ರಂಥದಲ್ಲಿ ರೂಢಿಯ ಬಗ್ಗೆ ಒಂದು ಇಡೀ ಅಧ್ಯಾಯವನ್ನೇ ಬರೆದಿದ್ದಾನೆ. ದಿನನಿತ್ಯದ ಸಣ್ಣಪುಟ್ಟ ಸಂಗತಿಗಳನ್ನು ಎಷ್ಟು ಹೆಚ್ಚಾಗಿ ರೂಢಿಯ ಕೈಗೆ ಒಪ್ಪಿಸುತ್ತೇವೆಯೋ ಅಷ್ಟರ ಮಟ್ಟಿಗೆ ನಮ್ಮ ಮನಸ್ಸಿನ ಮೇಲ್ಮಟ್ಟದ ಶಕ್ತಿ ತನ್ನ ನಿಜವಾದ ಕೆಲಸಕ್ಕೆ ಬಿಡುವಾಗುತ್ತದೆ ಎಂಬುದು ಅವನ ವಾದ. ಓದಲು ಕುಳಿತುಕೊಳ್ಳಬೇಕೋ ಬೇಡವೋ ಎಂದು ದಿನವೂ ತನ್ನೊಡನೆ ತಾನೇ ಚೌಕಾಸಿ ಮಾಡುವ ವಿದ್ಯಾರ್ಥಿ ಓದುವ ಮೊದಲೇ ಅರ್ಧ ದಣಿದಿರುತ್ತಾನೆ. ಆ ಚೌಕಾಸಿಯನ್ನು ಇಲ್ಲವಾಗಿಸಿದರೆ ಸಾಕು, ಹುರುಪಿನ ಅಗತ್ಯ ಬಹಳಷ್ಟು ಕಡಿಮೆಯಾಗುತ್ತದೆ.

ಎಷ್ಟು ದಿನದಲ್ಲಿ ರೂಢಿಯಾಗುತ್ತದೆ ಎಂಬ ಪ್ರಶ್ನೆಗೆ 21 ದಿನ ಎಂಬ ಉತ್ತರ ಎಲ್ಲೆಡೆ ಓಡಾಡುತ್ತದೆ. ಅದರ ಮೂಲ ಹುಡುಕಿದರೆ ಸಿಗುವುದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಶಸ್ತ್ರವೈದ್ಯ. ಶಸ್ತ್ರಚಿಕಿತ್ಸೆಯಾದ ಮೇಲೆ ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಸುಮಾರು 21 ದಿನ ಬೇಕಾಗುತ್ತದೆಂದು ಅವನು 1960ರ ತನ್ನ ಪುಸ್ತಕದಲ್ಲಿ ಬರೆದಿದ್ದ. "ಕನಿಷ್ಠ" ಎಂಬುದು ದಾರಿಯಲ್ಲೆಲ್ಲೋ ಉದುರಿಹೋಯಿತು, ಮುಖ ಹೋಗಿ ಓದು ಬಂತು. ನಿಜವಾಗಿ ಅಳೆದು ನೋಡಿದವರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ಪ್ರಮುಖರು. 96 ಮಂದಿ ತಮಗೆ ಬೇಕಾದ ಒಂದು ಸಣ್ಣ ರೂಢಿಯನ್ನು ಆರಿಸಿಕೊಂಡು, ದಿನವೂ ಒಂದೇ ಸಂದರ್ಭದಲ್ಲಿ ಮಾಡುತ್ತ, 12 ವಾರ ದಾಖಲಿಸಿದರು. 2010ರಲ್ಲಿ ಅಚ್ಚಾದ ಆ ವರದಿಯ ಪ್ರಕಾರ ರೂಢಿ ತಾನಾಗಿ ನಡೆಯುವ ಹಂತಕ್ಕೆ ಬರಲು ಹಿಡಿದ ಕಾಲದ ಮಧ್ಯಾಂಕ, ಅಂದರೆ ಎಲ್ಲರ ದಿನಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ, 66 ದಿನ. ಆದರೆ ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕಾಗುತ್ತಿತ್ತು. 12 ವಾರದ ಅಧ್ಯಯನದಲ್ಲಿ 254 ದಿನ ಹೇಗೆ ಬಂತು ಎಂದು ನನ್ನ ತರಗತಿಯಲ್ಲಿ ಒಬ್ಬನಾದರೂ ಕೇಳಲಿ ಎಂದು ಆಸೆಪಡುತ್ತೇನೆ. ಅದು ರೇಖೆಯನ್ನು ಮುಂದಕ್ಕೆಳೆದು ಲೆಕ್ಕಹಾಕಿದ ಅಂದಾಜು. ಅಂದಾಜೇ ಆದರೂ ಅದು ಹೇಳುವ ಮಾತು ವಿದ್ಯಾರ್ಥಿಗೆ ಬಹಳ ಮುಖ್ಯ: 22ನೆಯ ದಿನವೂ ಕಷ್ಟವೆನಿಸಿದರೆ ನಿನ್ನಲ್ಲಿ ಏನೋ ಕೊರತೆಯಿದೆ ಎಂದಲ್ಲ, ಇನ್ನೂ ದಿನ ತುಂಬಿಲ್ಲ ಅಷ್ಟೆ. ಅದೇ ಅಧ್ಯಯನದಲ್ಲಿ, ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ ಎಂಬುದೂ ಕಂಡುಬಂದಿತು.

ಈ ಹದಿನೈದು ನಿಮಿಷವನ್ನು ಯಾವುದಾದರೂ ನಿಯತ ಕೆಲಸಕ್ಕೆ ಕಟ್ಟಿಹಾಕಲು ನಾನು ಏಕೆ ಒತ್ತಾಯಿಸುತ್ತೇನೆ ಎಂಬುದಕ್ಕೂ ಕಾರಣವಿದೆ. ಜರ್ಮನಿಯ ಪೀಟರ್ ಗೊಲ್‌ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞ ಸಂಕಲ್ಪಗಳ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದ್ದಾನೆ. "ನಾನು ಇದನ್ನು ಮಾಡುತ್ತೇನೆ" ಎಂದಷ್ಟೇ ನಿಶ್ಚಯಿಸಿಕೊಳ್ಳುವುದಕ್ಕೂ, "ಇಂಥದು ನಡೆದಾಗ, ಇಂಥಲ್ಲಿ, ಇದನ್ನು ಮಾಡುತ್ತೇನೆ" ಎಂದು ನಿಶ್ಚಯಿಸಿಕೊಳ್ಳುವುದಕ್ಕೂ ಅಜಗಜಾಂತರವಿದೆ. ಅವನು ವೆರೋನಿಕಾ ಬ್ರಾಂಡ್‌ಸ್ಟೆಟರ್ ಜೊತೆ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾವಾಗ ಎಲ್ಲಿ ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದ ಕಷ್ಟದ ಕೆಲಸಗಳು ಹಾಗೆ ಮಾಡಿಕೊಳ್ಳದಿದ್ದ ಕೆಲಸಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ಪೂರ್ಣಗೊಂಡಿದ್ದವು. ಸುಲಭದ ಕೆಲಸಗಳಲ್ಲಿ ಈ ವ್ಯತ್ಯಾಸವಿರಲಿಲ್ಲ. ಅವು ಹೇಗೂ ಆಗಿಬಿಡುತ್ತಿದ್ದವು. "ನಾಳೆಯಿಂದ ಗಣಿತಕ್ಕೆ ಹೆಚ್ಚು ಸಮಯ ಕೊಡುತ್ತೇನೆ" ಎಂದು ಯಾರಾದರೂ ಹೇಳಿದರೆ ನಾನು ಈಗ ಮೆಚ್ಚುಗೆ ಸೂಚಿಸುವುದಿಲ್ಲ. ಯಾವುದಾದ ಮೇಲೆ, ಯಾವ ಕುರ್ಚಿಯಲ್ಲಿ, ಯಾವ ಪುಟದಿಂದ ಎಂದು ಕೇಳುತ್ತೇನೆ. ಕೇಳಿದಾಗ ಮುಖ ಸ್ವಲ್ಪ ಬಾಡುತ್ತದೆ, ಪರವಾಗಿಲ್ಲ.

ಇನ್ನು ಆ ಹೊತ್ತಿನಲ್ಲಿ ಮಾಡುವುದೇನು ಎಂಬುದು. ಇಲ್ಲಿ ನಾನು ಕೊಂಚ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಶ್ರದ್ಧೆಯಿಂದ ಓದಿಯೂ ಸೋಲುವ ಮಕ್ಕಳನ್ನು ಕಂಡಷ್ಟು ನೋವು ನನಗೆ ಸೋಮಾರಿಗಳನ್ನು ಕಂಡಾಗ ಆಗುವುದಿಲ್ಲ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಯಾವ ಅರ್ಥವೂ ಇಲ್ಲದ ಅಕ್ಷರಗುಚ್ಛಗಳನ್ನು ವರ್ಷಗಟ್ಟಲೆ ಬಾಯಿಪಾಠ ಮಾಡಿ, ಎಷ್ಟು ಮರೆತೆ ಎಂದು ತನ್ನನ್ನೇ ಅಳೆದುಕೊಂಡು, ಅದರ ಫಲಿತಾಂಶವನ್ನು 1885ರಲ್ಲಿ ಪ್ರಕಟಿಸಿದ. ಕಲಿತ ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಜಾರಿಹೋಗುತ್ತದೆ, ಆಮೇಲೆ ಮರೆವಿನ ವೇಗ ತಗ್ಗುತ್ತದೆ ಎಂಬ ಅವನ ರೇಖೆ ಪ್ರಸಿದ್ಧವಾಗಿದೆ. ಅದಕ್ಕಿಂತ ನನಗೆ ಮುಖ್ಯವೆನಿಸುವುದು ಅದೇ ಪುಸ್ತಕದಲ್ಲಿರುವ ಇನ್ನೊಂದು ಲೆಕ್ಕ. ಹನ್ನೆರಡು ಗುಚ್ಛಗಳ ಸಾಲೊಂದನ್ನು ಒಂದೇ ದಿನ ಒಂದೇ ಸಮನೆ 68 ಸಲ ಹೇಳಿಕೊಂಡಾಗ ಮರುದಿನಕ್ಕೆ ಎಷ್ಟು ಉಪಯೋಗವಾಯಿತೋ, ಹೆಚ್ಚುಕಡಿಮೆ ಅಷ್ಟೇ ಉಪಯೋಗ ಮೂರು ದಿನಗಳಿಗೆ ಹಂಚಿ ಒಟ್ಟು 38 ಸಲ ಹೇಳಿಕೊಂಡಾಗ ಸಿಕ್ಕಿತು. ಶ್ರಮದಲ್ಲಿ 30 ಸಲದ ಉಳಿತಾಯ, ಅದೂ ಕೇವಲ ಹಂಚಿದ್ದರಿಂದ! ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡುವವನು ಸೋಮಾರಿಯೆಂದು ನಾವು ಬೈಯುತ್ತೇವೆ; ವಾಸ್ತವದಲ್ಲಿ ಅವನು ಉಳಿದವರಿಗಿಂತ ಹೆಚ್ಚು ದುಡಿದು ಕಡಿಮೆ ಪಡೆಯುವ ನತದೃಷ್ಟ. ದಿನಕ್ಕೆ ಹದಿನೈದು ನಿಮಿಷವೆಂಬ ನನ್ನ ಸಣ್ಣ ಲೆಕ್ಕ ಎಬ್ಬಿಂಗ್‌ಹೌಸನ ಈ 38ರ ಮೇಲೆ ನಿಂತಿದೆ.

ಎರಡನೆಯ ಸಂಗತಿ, ಓದಿದ್ದನ್ನೇ ಮತ್ತೆ ಓದುವುದರ ಬಗ್ಗೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಒಂದು ಗುಂಪು ಒಂದು ಪಾಠವನ್ನು ನಾಲ್ಕು ಅವಧಿಗಳಲ್ಲೂ ಓದಿತು. ಇನ್ನೊಂದು ಗುಂಪು ಒಂದು ಅವಧಿಯಲ್ಲಿ ಓದಿ, ಉಳಿದ ಮೂರು ಅವಧಿಗಳಲ್ಲಿ ಪಾಠವನ್ನು ನೋಡದೆ ನೆನಪಿನಿಂದಲೇ ಬರೆಯಿತು. ಐದು ನಿಮಿಷಗಳ ಬಳಿಕ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರ ಕಳೆದು ಕೇಳಿದಾಗ ಓದಿದವರ ನೆನಪಿನಲ್ಲಿ ಶೇಕಡ 40ರಷ್ಟು ಉಳಿದಿದ್ದರೆ ಬರೆದವರ ನೆನಪಿನಲ್ಲಿ ಶೇಕಡ 61ರಷ್ಟು ಉಳಿದಿತ್ತು. ಇದರಲ್ಲಿ ಕ್ರೂರವಾದ ತಮಾಷೆಯೊಂದಿದೆ. ನನಗೆ ಇದು ಚೆನ್ನಾಗಿ ನೆನಪಿರುತ್ತದೆ ಎಂಬ ವಿಶ್ವಾಸ ಹೆಚ್ಚಾಗಿದ್ದದ್ದು ಬರೀ ಓದಿದವರಲ್ಲಿ. ಪುಸ್ತಕ ತೆರೆದಿರುವಾಗ ಎಲ್ಲವೂ ಪರಿಚಿತವೆನಿಸುತ್ತದೆ, ಪರಿಚಯವನ್ನು ನಾವು ತಿಳಿವಳಿಕೆಯೆಂದು ಭ್ರಮಿಸುತ್ತೇವೆ. ಪುಸ್ತಕ ಮುಚ್ಚಿ ಬರೆಯಲು ಕುಳಿತಾಗ ತಡವರಿಸುತ್ತೇವೆ, ಅದನ್ನು ಸೋಲೆಂದು ತಿಳಿದು ಮತ್ತೆ ಪುಸ್ತಕ ತೆರೆಯುತ್ತೇವೆ. ಆ ತಡವರಿಕೆಯಲ್ಲೇ ಕಲಿಕೆ ನಡೆಯುತ್ತಿರುತ್ತದೆ ಎಂಬುದನ್ನು ವಿದ್ಯಾರ್ಥಿಗೆ ಯಾರಾದರೂ ಮೊದಲೇ ಹೇಳಿರಬೇಕು. ಹೇಳದಿದ್ದರೆ, ಸರಿಯಾದ ದಾರಿಯಲ್ಲಿ ನಡೆದವನಿಗೇ ನಾನು ದಾರಿ ತಪ್ಪಿದೆ ಎನಿಸುತ್ತದೆ. ಆದ್ದರಿಂದ ನನ್ನ ಹದಿನೈದು ನಿಮಿಷದಲ್ಲಿ ಮೊದಲ ಐದು ನಿಮಿಷ ನಿನ್ನೆಯದನ್ನು ಪುಸ್ತಕ ತೆರೆಯದೆ ಬರೆಯುವುದಕ್ಕೆ ಮೀಸಲು. ಗಣಿತದಲ್ಲಾದರೆ ನಿನ್ನೆ ಬಿಡಿಸಿದ ಒಂದು ಲೆಕ್ಕವನ್ನು ಖಾಲಿ ಹಾಳೆಯ ಮೇಲೆ ಮತ್ತೆ ಬಿಡಿಸುವುದು.

ಮೊಬೈಲ್ ಬಗ್ಗೆ ಹೊಸದಾಗಿ ಹೇಳುವಂಥದ್ದೇನಿಲ್ಲ. ಅದು ಬೇರೆ ಕೋಣೆಯಲ್ಲಿರಲಿ. ನಿದ್ದೆಯ ಬಗ್ಗೆಯೂ ಅಷ್ಟೆ. ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ, ಅದನ್ನು ಕದ್ದು ಓದಿಗೆ ಕೊಟ್ಟರೆ ಒಂದು ಜೇಬಿನಿಂದ ತೆಗೆದು ತೂತಾದ ಇನ್ನೊಂದು ಜೇಬಿಗೆ ಹಾಕಿದಂತೆ.

ಹೊಣೆಯ ವಿಚಾರ ಇಷ್ಟು ಸರಳವಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳು ಎಂಬ ಗಾದೆಯನ್ನು ಹಿಡಿದು ಮಕ್ಕಳನ್ನು ಗದರಿಸುವುದು ನನಗೂ ಒಂದು ಕಾಲದಲ್ಲಿ ಸಲೀಸಾಗಿತ್ತು. ಪ್ರಶ್ನೆಪತ್ರಿಕೆ ಕಠಿಣ, ಮೌಲ್ಯಮಾಪಕರು ಕಟ್ಟುನಿಟ್ಟು, ಮೇಷ್ಟ್ರಿಗೆ ನನ್ನನ್ನು ಕಂಡರಾಗದು, ಇವೆಲ್ಲ ಡೊಂಕು ನೆಲದ ವರ್ಣನೆಗಳೇ. ತನ್ನ ಬದುಕಿನಲ್ಲಿ ನಡೆಯುವುದಕ್ಕೂ ತಾನು ಮಾಡುವುದಕ್ಕೂ ನಂಟಿದೆ ಎಂದು ನಂಬುವವರು ಮತ್ತು ಎಲ್ಲವೂ ಅದೃಷ್ಟ ಅಥವಾ ಬೇರೆಯವರ ಕೈಯಲ್ಲಿದೆ ಎಂದು ನಂಬುವವರು ಬೇರೆ ಬೇರೆ ರೀತಿ ನಡೆದುಕೊಳ್ಳುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞ ಜೂಲಿಯನ್ ರಾಟರ್ 1966ರ ತನ್ನ ಪ್ರಬಂಧದಲ್ಲಿ ವಿವರಿಸಿದ್ದಾನೆ. ಅಂದಿನಿಂದ ಶಿಕ್ಷಣದಲ್ಲಿ ಆ ವಿಚಾರ ಬೇರೂರಿದೆ. ಆದರೆ ಕೆಲವೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ಕೂತು ಓದಲು ಮೂಲೆಯೇ ಇಲ್ಲದ ಮಗು ಇರುತ್ತದೆ, ತಮ್ಮನನ್ನು ಮಲಗಿಸಿದ ಮೇಲಷ್ಟೇ ಪುಸ್ತಕ ಹಿಡಿಯಬೇಕಾದ ಮಗು ಇರುತ್ತದೆ, ಹಲಗೆಯ ಮೇಲಿನ ಅಕ್ಷರ ಕಾಣುತ್ತಿಲ್ಲವೆಂಬುದೇ ಗೊತ್ತಿಲ್ಲದೆ ವರ್ಷ ಕಳೆದ ಮಗುವೂ ಇರುತ್ತದೆ. ಇವರ ಮುಂದೆ ನಿಂತು, ನಿನ್ನ ಯಶಸ್ಸಿಗೆ ನೀನೇ ಸಂಪೂರ್ಣ ಹೊಣೆ ಎಂದು ಹೇಳುವವರಿಗೆ ನಾಚಿಕೆಯಾಗಬೇಕು. ನನಗಾಗಿದೆ.

ಆಗಿನಿಂದ ನಾನು ಹೊಣೆ ಎಂಬ ಪದವನ್ನು ಫಲಿತಾಂಶದ ಜೊತೆ ಜೋಡಿಸುವುದನ್ನು ಬಿಟ್ಟೆ. ಅಂಕ ಎಷ್ಟು ಬರುತ್ತದೆಂಬುದು ಹತ್ತಾರು ಸಂಗತಿಗಳ ಕೈಯಲ್ಲಿದೆ; ಚೀಲ ಕೆಳಗಿಟ್ಟ ಮೇಲಿನ ಹದಿನೈದು ನಿಮಿಷ ಮಾತ್ರ ಬಹುಪಾಲು ಮಕ್ಕಳ ಕೈಯಲ್ಲಿದೆ. ಹೊಣೆ ಕೈಗೆಟುಕುವಷ್ಟು ದೊಡ್ಡದಾಗಿದ್ದಾಗ ಮಾತ್ರ ಮಗು ಅದನ್ನು ಎತ್ತಿಕೊಳ್ಳುತ್ತದೆ, ಅದಕ್ಕಿಂತ ದೊಡ್ಡದಾದರೆ ಅದು ಹೊರೆಯಾಗುತ್ತದೆ ಅಥವಾ ಅಪರಾಧಿ ಭಾವವಾಗುತ್ತದೆ.

ಸೋತಾಗ ಮಗು ತನಗೆ ತಾನೇ ಕೊಟ್ಟುಕೊಳ್ಳುವ ಕಾರಣದಲ್ಲಿ ಮುಂದಿನ ದಾರಿ ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ಕ್ಯಾರಲ್ ಡ್ವೆಕ್ ಎಂಬ ಮನಶ್ಶಾಸ್ತ್ರಜ್ಞೆ 1975ರಲ್ಲಿ, ಸೋಲು ಎದುರಾದೊಡನೆ ಕೈಚೆಲ್ಲಿಬಿಡುತ್ತಿದ್ದ 12 ಮಕ್ಕಳೊಡನೆ ಒಂದು ಪ್ರಯೋಗ ಮಾಡಿದಳು. ಅರ್ಧದಷ್ಟು ಮಕ್ಕಳಿಗೆ ಬರೀ ಗೆಲ್ಲುವಂಥ ಲೆಕ್ಕಗಳನ್ನೇ ಕೊಟ್ಟು ಆತ್ಮವಿಶ್ವಾಸ ತುಂಬಲು ನೋಡಿದಳು. ಉಳಿದವರಿಗೆ ನಡುನಡುವೆ ಸೋಲನ್ನೂ ಒದಗಿಸಿ, ಪ್ರಯತ್ನ ಸಾಲದೆ ಹೀಗಾಯಿತು ಎಂದು ಹೇಳಿಕೊಟ್ಟಳು. ಆಮೇಲೆ ಮತ್ತೆ ಸೋಲು ಎದುರಾದಾಗ ಬರೀ ಗೆದ್ದು ಬಂದ ಮಕ್ಕಳು ಮೊದಲಿನಂತೆಯೇ ಕುಸಿದರು, ಎರಡನೆಯ ಗುಂಪಿನವರು ಹಿಡಿದ ಕೆಲಸ ಬಿಡಲಿಲ್ಲ. ಹನ್ನೆರಡು ಮಕ್ಕಳ ಪ್ರಯೋಗದಿಂದ ಜಗತ್ತಿಗೆಲ್ಲ ನಿಯಮ ಬರೆಯಲಾಗದು, ಮುಂದೆ ದೊಡ್ಡ ಪ್ರಮಾಣದಲ್ಲಿ ನಡೆದ ಪರಿಶೀಲನೆಗಳಲ್ಲಿ ಇಂಥ ಬೋಧನೆಯ ಪರಿಣಾಮ ಮೊದಲು ನಿರೀಕ್ಷಿಸಿದ್ದಕ್ಕಿಂತ ಕಡಿಮೆಯೇ ಕಂಡಿದೆ. ಆದರೂ ತರಗತಿಯಲ್ಲಿ ನಿಂತವಳಾಗಿ ನನಗೆ ಇದು ನಿಜವೆನಿಸುತ್ತದೆ. "ನನಗೆ ಗಣಿತ ಹತ್ತುವುದಿಲ್ಲ" ಎನ್ನುವ ಮಗುವಿಗೆ ಮುಂದಿನ ಹೆಜ್ಜೆಯೇ ಇಲ್ಲ. "ಮೂರನೆಯ ಸಾಲಿನಲ್ಲಿ ಚಿಹ್ನೆ ಬದಲಿಸಲು ಮರೆತೆ" ಎನ್ನುವ ಮಗುವಿಗೆ ಇದೆ. ಹಾಗೆಂದು ಪ್ರತಿ ಸೋಲಿಗೂ ಪ್ರಯತ್ನ ಸಾಲದು ಎಂಬ ಒಂದೇ ಕಾರಣ ಹೇಳುವುದೂ ಅನ್ಯಾಯ. ಎಷ್ಟೋ ಸಲ ಪ್ರಯತ್ನ ಬೇಕಾದಷ್ಟಿರುತ್ತದೆ, ವಿಧಾನ ತಪ್ಪಿರುತ್ತದೆ.

ಹೊಗಳಿಕೆಯಲ್ಲೂ ಎಡವಟ್ಟುಗಳಿವೆ. ಡ್ವೆಕ್ ಮತ್ತು ಕ್ಲಾಡಿಯಾ ಮುಲ್ಲರ್ 1998ರಲ್ಲಿ ಪ್ರಕಟಿಸಿದ ಸರಣಿ ಪ್ರಯೋಗಗಳಲ್ಲಿ, ಮೊದಲ ಸುತ್ತಿನ ಸಮಸ್ಯೆಗಳನ್ನು ಬಿಡಿಸಿದ ಮಕ್ಕಳಲ್ಲಿ ಕೆಲವರಿಗೆ "ನೀನು ಬುದ್ಧಿವಂತ" ಎಂದೂ ಕೆಲವರಿಗೆ "ಚೆನ್ನಾಗಿ ಶ್ರಮಪಟ್ಟಿದ್ದೀಯ" ಎಂದೂ ಹೇಳಲಾಯಿತು. ಕಷ್ಟದ ಎರಡನೆಯ ಸುತ್ತು ಮುಗಿದ ಮೇಲೆ, ಮೂರನೆಯ ಸುತ್ತಿನಲ್ಲಿ ಬುದ್ಧಿವಂತರೆನಿಸಿಕೊಂಡವರ ಅಂಕ ಇಳಿದಿತ್ತು, ಶ್ರಮಕ್ಕೆ ಹೊಗಳಿಸಿಕೊಂಡವರ ಅಂಕ ಏರಿತ್ತು. ನನ್ನನ್ನು ತಟ್ಟಿದ್ದು ಬೇರೆಯದೇ ವಿವರ. ಬೇರೆ ಶಾಲೆಯ ಅಪರಿಚಿತ ಮಕ್ಕಳಿಗೆ ತಮ್ಮ ಅಂಕವನ್ನು ಬರೆದು ತಿಳಿಸಲು ಹೇಳಿದಾಗ ಬುದ್ಧಿವಂತರೆನಿಸಿಕೊಂಡ ಐವರಲ್ಲಿ ಹೆಚ್ಚುಕಡಿಮೆ ಇಬ್ಬರು ಸುಳ್ಳು ಹೇಳಿದರು. ಪ್ರೀತಿಯಿಂದ ಆಡಿದ ಒಂದೇ ಮಾತು ಮಗುವನ್ನು ಸುಳ್ಳಿನವರೆಗೆ ಒಯ್ಯಬಲ್ಲದು ಎಂದು ತಿಳಿದ ದಿನದಿಂದ ಉತ್ತರಪತ್ರಿಕೆಯ ಮೇಲೆ "ಜಾಣ" ಎಂದು ಬರೆಯುವ ನನ್ನ ಚಾಳಿ ನಿಂತಿತು.

ಬಹುಮಾನದ ಕಥೆಯೂ ಇದರ ನೆಂಟನೇ. ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ, ಬಣ್ಣದ ಪೆನ್ನುಗಳಿಂದ ಚಿತ್ರ ಬಿಡಿಸುವುದರಲ್ಲಿ ಮೊದಲೇ ಆಸಕ್ತಿಯಿದ್ದ ಪುಟ್ಟ ಮಕ್ಕಳನ್ನು ಆರಿಸಿ, ಒಂದು ಗುಂಪಿಗೆ ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುವುದಾಗಿ ಮುಂಚಿತವಾಗಿ ಹೇಳಿ, ಹಾಗೆಯೇ ಕೊಟ್ಟರು. ಕೆಲವು ದಿನ ಬಿಟ್ಟು ಪೆನ್ನುಗಳನ್ನು ಮತ್ತೆ ಮುಂದಿಟ್ಟಾಗ ಆ ಮಕ್ಕಳು ಪ್ರಶಸ್ತಿಯ ಮಾತನ್ನೇ ಕೇಳದ ಮಕ್ಕಳ ಅರ್ಧದಷ್ಟು ಹೊತ್ತು ಮಾತ್ರ ಅವುಗಳೊಡನೆ ಕಳೆದರು. ಅನಿರೀಕ್ಷಿತವಾಗಿ ಪ್ರಶಸ್ತಿ ಪಡೆದ ಮಕ್ಕಳ ಆಸಕ್ತಿ ಕುಂದಿರಲಿಲ್ಲ. ಇಷ್ಟು ಅಂಕ ತಂದರೆ ಇಂಥದು ಕೊಡಿಸುತ್ತೇನೆ ಎಂಬ ಪೋಷಕರ ಒಪ್ಪಂದ ನನಗೆ ಸರಿಬರದಿರುವುದು ಈ ಕಾರಣಕ್ಕೆ. ಮಗುವಿನ ಕೆಲಸ ಆ ಒಪ್ಪಂದದಿಂದ ದೊಡ್ಡವರ ಕೆಲಸವಾಗಿಬಿಡುತ್ತದೆ, ಮಗು ಅದಕ್ಕೆ ಕೂಲಿ ಪಡೆಯುವ ಆಳಾಗುತ್ತದೆ.

ಇದೇ ತಪ್ಪನ್ನು ನಾನು ಬೇರೆ ವೇಷದಲ್ಲಿ ಮಾಡಿದ್ದೆ. ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ಒಂದು ಪುಟ್ಟ ಪುಸ್ತಕದ ವಿಷಯ ಹೇಳುತ್ತಾನೆ. ಅದರಲ್ಲಿ 13 ಸದ್ಗುಣಗಳ ಪಟ್ಟಿ, ವಾರಕ್ಕೊಂದು ಗುಣದ ಮೇಲೆ ವಿಶೇಷ ಗಮನ, ತಪ್ಪಿದಾಗಲೆಲ್ಲ ಒಂದು ಕಪ್ಪು ಚುಕ್ಕೆ. 13 ವಾರಕ್ಕೊಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಅಚ್ಚುಕಟ್ಟುತನವೆಂಬ ಗುಣವಂತೂ ಕೊನೆಯವರೆಗೂ ತನಗೆ ದಕ್ಕಲಿಲ್ಲವೆಂದು ಅವನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ಇದನ್ನು ಓದಿದ ಉತ್ಸಾಹದಲ್ಲಿ ನಾನು ನನ್ನ ವಿದ್ಯಾರ್ಥಿಗಳಿಗೆಲ್ಲ ಒಂದೊಂದು ಪುಸ್ತಕ ಮಾಡಿಸಿ, ಹದಿನೈದು ನಿಮಿಷ ಕುಳಿತ ದಿನಕ್ಕೆ ಗುರುತು ಹಾಕಲು ಹೇಳಿ, ಪ್ರತಿ ಸೋಮವಾರ ಅವನ್ನೆಲ್ಲ ತರಿಸಿಕೊಂಡು ಸಹಿ ಮಾಡತೊಡಗಿದೆ. ಮೂರು ವಾರಗಳಲ್ಲಿ ಎಲ್ಲರ ಪುಸ್ತಕಗಳೂ ತುಂಬಿ ತುಳುಕಿದವು. ಗುರುತುಗಳೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಒತ್ತಡದಲ್ಲಿ ಇದ್ದವು; ಸೋಮವಾರ ಬೆಳಿಗ್ಗೆ ಒಟ್ಟಿಗೆ ಹಾಕಿದವು ಎಂದು ಊಹಿಸಲು ಪತ್ತೇದಾರಿಕೆ ಬೇಕಿರಲಿಲ್ಲ. ಫ್ರಾಂಕ್ಲಿನ್ನನ ಪುಸ್ತಕವನ್ನು ಯಾರೂ ತರಿಸಿಕೊಂಡು ನೋಡುತ್ತಿರಲಿಲ್ಲ ಎಂಬ ಮುಖ್ಯ ಸಂಗತಿಯನ್ನೇ ನಾನು ಮರೆತಿದ್ದೆ. ಮಕ್ಕಳಿಗೆ ಹೊಣೆ ಕಲಿಸುತ್ತೇನೆಂದು ಹೊರಟು ಆ ಹೊಣೆಯನ್ನು ನನ್ನ ಮೇಜಿನ ಮೇಲೆ ಪೇರಿಸಿಟ್ಟುಕೊಂಡಿದ್ದೆ.

ಮುಂದಿನ ವರ್ಷ ಸಹಿ ನಿಲ್ಲಿಸಿದೆ. ಪುಸ್ತಕ ನಿಮ್ಮದು, ನಾನು ಕೇಳುವುದಿಲ್ಲ, ತೋರಿಸಬೇಕೆನಿಸಿದರೆ ಬನ್ನಿ ಎಂದೆ. ಅರ್ಧಕ್ಕರ್ಧ ಮಂದಿ ಬಿಟ್ಟೇಬಿಟ್ಟರು. ಅದನ್ನು ನೋಡಿಕೊಂಡು ಸುಮ್ಮನಿರುವುದು ಭಾಷಣ ಮಾಡುವುದಕ್ಕಿಂತ ಬಹಳ ಕಷ್ಟ. ಮಾಡದವರನ್ನು ಹೀಯಾಳಿಸಬಾರದೆಂಬ ಎಚ್ಚರವೂ ಬೇಕಿತ್ತು. ಈ ಎಚ್ಚರಕ್ಕೆ ಬಲ ಕೊಟ್ಟದ್ದು ಮೈಕೆಲ್ ವೋಲ್, ತಿಮೊಥಿ ಪಿಚಿಲ್ ಮತ್ತು ಶಾನನ್ ಬೆನೆಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನ. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದ ವಿದ್ಯಾರ್ಥಿಗಳಲ್ಲಿ, ಹಾಗೆ ಮಾಡಿದ್ದಕ್ಕೆ ತಮ್ಮನ್ನು ತಾವೇ ಕ್ಷಮಿಸಿಕೊಂಡವರು ಎರಡನೆಯ ಪರೀಕ್ಷೆಗೆ ಕಡಿಮೆ ಮುಂದೂಡಿದರು. ತನ್ನನ್ನು ಹಳಿದುಕೊಳ್ಳುವವನಿಗೆ ಪುಸ್ತಕದ ನೆನಪೇ ಹಳಿತದ ನೆನಪಾಗುತ್ತದೆ, ಆದ್ದರಿಂದ ಅವನು ಪುಸ್ತಕದಿಂದಲೇ ದೂರ ಸರಿಯುತ್ತಾನೆ. ಕ್ಷಮಿಸಿಕೊಳ್ಳುವುದೆಂದರೆ ಆಗಿಲ್ಲವೆಂದು ನಟಿಸುವುದಲ್ಲ. ತಪ್ಪಿದ ದಿನವನ್ನು ಖಾಲಿ ಎಂದೇ ಬರೆದು, ಮರುದಿನ ಚೀಲ ಕೆಳಗಿಟ್ಟ ಮೇಲೆ ಕುಳಿತುಕೊಳ್ಳುವುದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಿರಿಯರು ಕೇಳುತ್ತಾರೆ. ಐವತ್ತು ದಾಟಿದ ಮೇಲೆ ಬೆಳಿಗ್ಗೆ ನಡೆಯುವ ರೂಢಿಯನ್ನು ಹತ್ತು ಸಲ ಬಿಟ್ಟು ಹನ್ನೊಂದು ಸಲ ಹಿಡಿದ ನಾನು ಆ ಗಾದೆಯನ್ನು ಅಷ್ಟಾಗಿ ಒಪ್ಪುವುದಿಲ್ಲ.

ಪುಸ್ತಕ ಮುಂದುವರಿಸಿದವರಲ್ಲಿ ಒಬ್ಬ ಹುಡುಗ ಎರಡೂವರೆ ತಿಂಗಳ ಬಳಿಕ ತಾನಾಗಿ ಬಂದು ಅದನ್ನು ನನ್ನ ಮುಂದೆ ತೆರೆದಿಟ್ಟ. ಅವನು ಹೇಳಿಕೊಳ್ಳುವಂಥ ಅಂಕ ತೆಗೆಯುತ್ತಿದ್ದವನಲ್ಲ. 74 ದಿನಗಳ ಲೆಕ್ಕದಲ್ಲಿ 13 ಖಾಲಿ ಚೌಕಗಳಿದ್ದವು, ಪೆನ್ನುಗಳು ಬೇರೆ ಬೇರೆ, ಕೆಲವು ದಿನ ಪೆನ್ಸಿಲ್. ಖಾಲಿ ಏಕೆ ಎಂದು ಕೇಳಲು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅವನೇ ಬೆರಳಿಟ್ಟು ತೋರಿಸಿದ: ಹದಿಮೂರರಲ್ಲಿ ಒಂಬತ್ತು ಗುರುವಾರಗಳು. ಗುರುವಾರ ಆಟದ ಅವಧಿ ಕೊನೆಯಲ್ಲಿರುವುದರಿಂದ ದಣಿದು ಬಂದು ಮಲಗಿಬಿಡುತ್ತಿದ್ದನಂತೆ. "ಮುಂದಿನ ವಾರದಿಂದ ಗುರುವಾರ ಮಾತ್ರ ಬೆಳಿಗ್ಗೆ ಕೂರುತ್ತೇನೆ, ಹಲ್ಲುಜ್ಜಿದ ಮೇಲೆ" ಎಂದ. ನನ್ನ ಅಭಿಪ್ರಾಯ ಕೇಳುತ್ತಾನೆಂದು ಕಾದೆ. ಅವನು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡು ಹೊರಟ.